ಅಪ್ಪ ಸ್ನಾನಕ್ಕೆ ಹೋಗಿದ್ದಾರೆ

ಅಪ್ಪಾ,

ಈಗಷ್ಟೇ ಆಸ್ಪತ್ರೆಯಿಂದ ಫೋನ್ ಬಂದಿತ್ತು. ನಿನ್ನ ಶ್ವಾಸಕೋಶದ ಕ್ಯಾನ್ಸರ್ ಆಪರೇಷನ್ ಆದಾಗ ವಾರ್ಡಿನಲ್ಲಿದ್ದಳಲ್ಲ, ಆ ಬಾಯಿಬಡುಕಿ ನರ್ಸು, ಅವಳೇ. ಉಸಿರು ಎಳೆದು ಚೆಂಡು ಮೇಲೆಬ್ಬಿಸುವ ಡಬ್ಬಿ ಕೊಟ್ಟರೆ ನೀನು ಬಸ್ಸಿನ ಸೀಟಿ ಊದಿದ ಹಾಗೆ ಊದಿದ್ದೆ. "ಕಂಡಕ್ಟರ್ ಸಾಹೇಬ್ರೇ, ಇಲ್ಲಿ ಬಸ್ ಹೊರಡಿಸೋದಲ್ಲ, ಉಸಿರು ಒಳಗೆ ಎಳ್ಕೊಳ್ಳಿ" ಅಂತ ಗದರಿದ್ದಳು. ಅದನ್ನೇ ನೆನೆಸಿಕೊಂಡು ಈಗಲೂ ನಕ್ಕಳು.

"ಐದು ವರ್ಷ ಆಯ್ತಲ್ಲ, ಹೇಗಿದ್ದಾರೆ ನಿಮ್ಮ ತಂದೆ?"

ಅವಳ ದನಿಯಲ್ಲಿ ಎಷ್ಟು ಖುಷಿಯಿತ್ತೆಂದರೆ, ಚೆನ್ನಾಗಿದ್ದಾರೆ ಅಂದುಬಿಟ್ಟೆ. ನೀನು ಹೋಗಿ ವರ್ಷವಾಗುತ್ತಾ ಬಂತು ಅನ್ನುವ ಮಾತನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

"ಸದ್ಯ! ನಾಳೆ ಒಬ್ಬರಿಗೆ ಅದೇ ಆಪರೇಷನ್ ಇದೆ. ಬೆಳಿಗ್ಗೆಯಿಂದ ಬೇಡ ಅಂತ ಹಟ ಹಿಡಿದು ಕೂತಿದ್ದಾರೆ. ಮಾಡಿಸ್ಕೊಂಡು ಬದುಕಿರೋರು ಯಾರಾದ್ರೂ ಇದ್ರೆ ಮಾತಾಡಿಸಿ ಅಂತಾರೆ. ನಿಮ್ಮ ತಂದೆಗೆ ಸ್ವಲ್ಪ ಫೋನ್ ಕೊಡಿ."

ಸ್ನಾನಕ್ಕೆ ಹೋಗಿದ್ದಾರೆ ಅಂದೆ. ಹಾಗಾದರೆ ಆಮೇಲೆ ಮಾಡುತ್ತೇನೆ ಅಂದಳು.

ನಿಜ ಹೇಳಿದರೆ ಆ ಮನುಷ್ಯ ಎದ್ದು ಮನೆಗೆ ಹೋಗುತ್ತಾನೆ. ಆಪರೇಷನ್ ಆಗಿದ್ದರಿಂದಲೇ ನೀನು ನಮಗೆ ನಾಲ್ಕು ವರ್ಷ ಸಿಕ್ಕೆ ಅಂತ ಹೇಳಬಹುದು. ಹೆದರಿ ಕೂತವನಿಗೆ ನಾಲ್ಕು ವರ್ಷ ಅಂದರೆ ಬಹಳವೋ, ಕಮ್ಮಿಯೋ? ನಿನಗೆ ಹೇಗಿತ್ತು? ಒಂದು ದಿನವೂ ಕೇಳಲಿಲ್ಲ ನಾನು.

ನೋಡು, ಮತ್ತೆ ಫೋನ್ ಹೊಡೆದುಕೊಳ್ಳುತ್ತಿದೆ.

ನೀನೇ ಎತ್ತು, ಅಪ್ಪಾ.