ಮೇಲ್ ಬಂದರೆ ಅಪ್ಪ ಕೂಗುತ್ತಾರೆ

ಪಂಚನಹಳ್ಳಿ
೯ ಫೆಬ್ರವರಿ ೨೦೨೫, ಭಾನುವಾರ, ಸಂಜೆ ಆರೂವರೆ

ಪ್ರೀತಿಯ ರಘಣ್ಣಾ,

ಹೇಗಿದ್ದೀಯ? ಹಡಗಿನ ಅಡುಗೆಮನೆಯ ಬಿಸಿಗೆ ಕೈಯಲ್ಲಿ ಮತ್ತೆ ಬೊಬ್ಬೆ ಎದ್ದಿಲ್ಲ ತಾನೆ? ಇವತ್ತು ಅಪ್ಪನ ಹನ್ನೊಂದನೇ ದಿನದ ಕಾರ್ಯ ಮುಗಿಯಿತು. ಬಂದವರು ಉಂಡು ಹೋದರು. ಅಪ್ಪ ತೀರಿಕೊಂಡರೆಂದು ಅಂದಿನಿಂದ ನಿನಗೆ ಮೇಲ್ ಬರೆಯುತ್ತಲೇ ಇದ್ದೇನೆ, ಒಂದಕ್ಕೂ ಉತ್ತರವಿಲ್ಲ. ನಿನ್ನ ಫೋನು ಹತ್ತುವುದಿಲ್ಲ, ಕಂಪನಿಯ ನಂಬರನ್ನು ಯಾರೂ ಎತ್ತುವುದಿಲ್ಲ. ನೀನು ಬಂದು ಹೊಳೆಗೆ ಬಿಡಬೇಕಾದ ಅಸ್ಥಿಯನ್ನು ಮನೆಯೊಳಗೆ ತರಬಾರದೆಂದು ಕುಡಿಕೆಯಲ್ಲಿಟ್ಟು ಹೊಲದ ಹುಣಸೆಮರಕ್ಕೆ ಕಟ್ಟಿದ್ದೇವೆ. ಊಟ ಮುಗಿಸಿ ರಾಜಶೇಖರ್ ಚಿಕ್ಕಪ್ಪ, "ಇನ್ನೆಷ್ಟ್ ದಿನ ನೇತಾಕಿರ್ತೀರಮ್ಮ? ಅವ್ನು ಬಂದಾಗ ಬತ್ತಾನೆ. ನಾಳೆ ತರೀಕೆರೆ ಬಸ್ ಹಿಡ್ದು ಭದ್ರೇಲಿ ನಾನೇ ಬಿಟ್ಬತ್ತೀನಿ" ಎಂದರು. ಅಮ್ಮ ಎಂಜಲೆಲೆ ಎತ್ತತೊಡಗಿದಳು.

ಮನೆಯ ಫೋನಿನ ವಿಷಯ ನಿನಗೆ ಗೊತ್ತಿಲ್ಲ. ಮೊದಲು ಯಾವ ಮೇಲ್ ಬಂದರೂ ಟಿಣ್ ಎನ್ನುತ್ತಿತ್ತು. ಅಪ್ಪ ತೆಂಗಿನ ಪಾತಿ ಬಿಟ್ಟು ಓಡಿ ಬರುತ್ತಿದ್ದರು. ನೋಡಿದರೆ ಸೀರೆ ಅಂಗಡಿಯ ಜಾಹೀರಾತು. "ಥೂ, ಇವನ್ ಸೀರೆ ನಾನ್ ಉಟ್ಕಬೇಕಾ?" ಎಂದು ಬೈದು ವಾಪಸು ಹೋಗುತ್ತಿದ್ದರು. ಕೊನೆಗೆ ಅಪ್ಪನೂ ನಾನೂ ಬೀರೂರಿಗೆ ಹೋಗಿ ಕಂಪ್ಯೂಟರ್ ಅಂಗಡಿಯ ಸತೀಶನನ್ನು ಹಿಡಿದೆವು. ಅವನು ಫಿಲ್ಟರ್ ಹಾಕಿದ. ನಿನ್ನ ವಿಳಾಸದಿಂದ ಬಂದದ್ದು ಒಂದು ಕಡೆ, ಮಿಕ್ಕಿದ್ದೆಲ್ಲ ಸದ್ದಿಲ್ಲದೆ ಇನ್ನೊಂದು ಕಡೆ. ನಿನ್ನ ಕಡೆಗೆ ಬಿದ್ದರೆ ಮಾತ್ರ ಫೋನು ಸದ್ದು ಮಾಡುವ ಹಾಗೆ ಸ್ಕ್ರಿಪ್ಟ್ ಬರೆದ. ಯಾವ ಸದ್ದು ಇಡಲಿ ಎಂದು ಕೇಳಿದ್ದಕ್ಕೆ ಅಪ್ಪ ಫೋನನ್ನು ಬಾಯಿಗೆ ಹಿಡಿದು, ಹೊಲದಿಂದ ಕರೆಯುವವರ ಹಾಗೆ "ಏನ್ಲಾ ರಘು, ಬಂದ್ಯಾ!" ಎಂದು ಕೂಗಿಬಿಟ್ಟರು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿ ನಕ್ಕರು.

ಆ ಕೂಗು ಅಪ್ಪ ಇರುವಾಗ ಒಮ್ಮೆಯೂ ಬರಲಿಲ್ಲ. ಈಗ ಅಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾಳೆ. ಒತ್ತಿದರೆ ಅಪ್ಪನ ದನಿ ಕೇಳಿಸುತ್ತದೆ ಎಂದೆ. "ಸುಮ್‌ಸುಮ್ನೆ ಕೂಗಿಸ್ಬೇಡ ಕಣೇ. ಮಗ ಬರ್ದಾಗ ಕೂಗ್ಲಿ" ಎಂದಳು. ಅನ್ನ ಸೇರುತ್ತಿಲ್ಲ ಅವಳಿಗೆ. ಅಣ್ಣಾ, ಇದ್ದೀಯಾ? ಅಷ್ಟಾದರೂ ಹೇಳು. ಬೈದಾದರೂ ಬರೆ.

ನೀನಿರುವ ನೀರು ತಣ್ಣಗಿರಲಿ ಎಂದು ಅಮ್ಮ ಹರಸಿದ್ದಾಳೆ.

ನಿನ್ನ ತಂಗಿ,
ಅನುಪಮಾ

ತಾಜಾಕಲಂ: ಅಣ್ಣಾ, ಕಳಿಸುವ ಮೊದಲು, ಬೇರೆ ದಾರಿ ಕಾಣದೆ, ಸದ್ದಿಲ್ಲದ ಆ ಇನ್ನೊಂದು ಕಡೆ ತೆರೆದೆ. ಸೀರೆ ಜಾಹೀರಾತುಗಳ ನಡುವೆ ನಿನ್ನ ಹೆಸರು! ಫೋನು ನೀರಿಗೆ ಬಿತ್ತು, ಹಡಗಿನ ಮೇಲ್‌ನಿಂದ ಬರೆಯುತ್ತಿದ್ದೇನೆ, ಯಾಕೆ ಯಾರೂ ಉತ್ತರಿಸುತ್ತಿಲ್ಲ, ಅಪ್ಪ ಹುಷಾರಾ ಎಂದು ಕೇಳಿದ್ದೀಯ. ನಾವು ಸತೀಶನಿಗೆ ಕೊಟ್ಟಿದ್ದು ನಿನ್ನ ಹಳೆಯ ವಿಳಾಸ ಮಾತ್ರ, ನಾನು ಇಷ್ಟು ದಿನ ಬರೆದದ್ದೂ ಅದಕ್ಕೇ. ಹೊಸದನ್ನೂ ಫಿಲ್ಟರಿಗೆ ಸೇರಿಸಿದೆ. ಬಂದು ಬಿದ್ದಿದ್ದ ನಿನ್ನ ಮೇಲ್‌ಗಳೆಲ್ಲ ನಿನ್ನ ಕಡೆಗೆ ಸರಿದವು. ಒಂದೊಂದಕ್ಕೂ ಅಪ್ಪ ಕೂಗಿದರು. ಅಮ್ಮ ಎದ್ದು ಹೋಗಿ ಬಾಗಿಲು ತೆಗೆದಳು, ಇನ್ನೂ ಹೊಸಿಲಲ್ಲೇ ನಿಂತಿದ್ದಾಳೆ. ಅಪ್ಪನ ಸುದ್ದಿ ನಿನಗೆ ಇದೇ ಮೊದಲು ಎಂದು ಈಗ ಗೊತ್ತಾಯಿತು. ಮೇಲಿನದನ್ನು ಅಳಿಸಿ ಮೆಲ್ಲಗೆ ಹೇಳುವ ಶಕ್ತಿ ನನಗಿಲ್ಲ, ಹಡಗಿನ ವಿಳಾಸಕ್ಕೆ ಹಾಗೇ ಕಳಿಸುತ್ತಿದ್ದೇನೆ. ತಿಂಗಳ ಕೊನೆಗೆ ಮಂಗಳೂರಿಗೆ ಬರುತ್ತೇನೆಂದು ಬರೆದಿದ್ದೀಯಲ್ಲ, ಬಾ. ಚಿಕ್ಕಪ್ಪನಿಗೆ ಹೇಳಿದ್ದೇನೆ. ನಾಳೆ ಭದ್ರೆಗೆ ಯಾರೂ ಹೋಗುವುದಿಲ್ಲ. ಕುಡಿಕೆ ಹುಣಸೆಮರದಲ್ಲೇ ಇರುತ್ತದೆ.