ದಿಲ್ಲಿಗೆ ಹೋದ ನಲವತ್ತೆಂಟು ಕಾರ್ಡು

ರಾಣೇಬೆನ್ನೂರು
15 ಜುಲೈ 2003

ಪ್ರೀತಿಯ ತಮ್ಮ ವೀರೇಂದ್ರನಿಗೆ ಅಕ್ಕನ ಆಶೀರ್ವಾದ.

ಇರಾಕಿಗೆ ನಮ್ಮ ಸೈನ್ಯ ಹೋಗುವುದಿಲ್ಲವೆಂದು ಇವತ್ತಿನ ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬಂದಿದೆ. ನಿನ್ನ ಪಲ್ಟನ್ನೂ ಹೋಗಬೇಕಾದೀತು ಎಂದು ನೀನು ಬರೆದಂದಿನಿಂದ ಗಂಟಲಲ್ಲಿ ನಿಂತಿದ್ದ ರೊಟ್ಟಿ ಈಗ ಕೆಳಗಿಳಿಯಿತು. ಹಾವೇರಿಗೆ ಫೋನ್ ಮಾಡಿದೆ. ನಿನ್ನ ಹೆಂಡತಿ ಶ್ವೇತಾ, ಖರೇನ ಏನ್ರಿ ಅಕ್ಕಾರ ಎಂದು ಮೂರು ಸಲ ಕೇಳಿದಳು. ಆಮೇಲೆ, ಏಳನೇ ತಿಂಗಳಾಗ ಹಿಂಗ ಹೆದರಿಸಿದ್ದಕ್ಕ ಕೂಸಿನ ಅಪ್ಪ ಬರಲಿ, ನೋಡ್ಕೋತೇನಿ ಎಂದಳು. ರಜೆಗೆ ಬರುವಾಗ ಹೆಲ್ಮೆಟ್ ಹಾಕಿಕೊಂಡೇ ಬಾ.

ಇಪ್ಪತ್ತು ವರ್ಷದಿಂದ ಅಲಿಪ್ತ ನೀತಿಯ ಪಾಠ ಮಾಡುತ್ತಿದ್ದೇನೆ. ಆಗತಾನೆ ಸ್ವತಂತ್ರವಾದ ದೇಶ ದೊಡ್ಡವರ ಯಾವ ಬಣಕ್ಕೂ ಸೇರಲಿಲ್ಲ, ಇನ್ನೂ ಪರರ ಆಳ್ವಿಕೆಯಲ್ಲಿದ್ದವರ ಪರವಾಗಿ ಮಾತಾಡಿತು ಎಂದು. ಮಕ್ಕಳ ನೆನಪಿಗೆ ಪ್ರಾಸ ಬೇರೆ: ಅತ್ತ ವಾಲಬೇಡ, ಇತ್ತ ವಾಲಬೇಡ, ಪರರ ಕಾಳಗಕ್ಕೆ ಪಡೆ ಕಳಿಸಬೇಡ. ನಾಲ್ಕು ಅಂಕದ ಪ್ರಶ್ನೆ. ನಮ್ಮ ಮನೆಯ ಜೀವವೊಂದು ಅದರ ಮೇಲೆ ನಿಂತೀತೆಂದು ತಿಳಿದಿರಲಿಲ್ಲ.

ಜೂನ್ ಕೊನೆಯಲ್ಲಿ ಒಂದು ಉಪದ್ವ್ಯಾಪ ಮಾಡಿದೆ. ಬ್ಯಾಡಗಿಯ ನನ್ನ ಶಾಲೆಯಲ್ಲಿ ಹತ್ತನೇ ತರಗತಿಯ ಪತ್ರಲೇಖನಕ್ಕೆ, ನಲ್ಲಿ ನೀರಿಗಾಗಿ ಪುರಸಭೆಗೆ ಬರೆಸುವ ಬದಲು, ಪರರ ನೆಲಕ್ಕೆ ಸೈನ್ಯ ಕಳಿಸಬೇಡಿ ಎಂದು ಪ್ರಧಾನಿಗೆ ಬರೆಸಿದೆ. ನಲವತ್ತೆಂಟು ಕಾರ್ಡು. ಅಂಚೆ ಡಬ್ಬಿಗೆ ನಾನೇ ಹಾಕಿದೆ.

ಮರುದಿನ ಹೆಡ್‌ಮಾಸ್ತರ ಶೇಖಪ್ಪನವರು ಒಬ್ಬ ಹುಡುಗಿಯ ಕರಡು ಓದಿ ಕನ್ನಡಕ ತೆಗೆದರು. ಪರೀಕ್ಷೆಯ ಪತ್ರದಲ್ಲಿ ಸ್ವಂತ ಹೆಸರು ಬರೆಯಬಾರದೆಂದು ಕಲಿಸಿದವಳು ನಾನೇ. ಅಷ್ಟೂ ಮಕ್ಕಳ ಸಹಿ ಒಂದೇ: ಅ ಬ ಕ, ಸರಕಾರಿ ಪ್ರೌಢಶಾಲೆ, ಕ ಖ ಗ ಊರು. ದಿಲ್ಲಿಂದ ಉತ್ತರ ಬಂದ್ರ ಪೋಸ್ಟಮನ್ ಈ ಊರಿಗೆ ಯಾವ ಬಸ್ ಹತ್ತಬೇಕ್ರಿ ಅಕ್ಕೋರ, ಎಂದು ಶೇಖಪ್ಪನವರು ಕೇಳಿದರು.

ಸರಕಾರ ಆ ಕಾರ್ಡು ನೋಡಿ ನಿರ್ಧರಿಸಿಲ್ಲ, ಅಷ್ಟು ಬುದ್ಧಿ ನನಗಿದೆ. ಆದರೂ ಇವತ್ತು ಹುಡುಗರು ತಾವೇ ಗೆದ್ದಂತೆ ಬೆಂಚು ಬಡಿದರು. ಬಡಿಯಲಿ ಎಂದು ಬಿಟ್ಟೆ. ನಿನ್ನ ವಿಷಯ ಅವರಿಗೆ ಹೇಳಿಲ್ಲ. ಬರೀ ಪಾಠವೆಂದೇ ತಿಳಿದಿದ್ದಾರೆ.

ಹೊತ್ತಿಗೆ ಉಣ್ಣು, ಊರ ಕಡೆ ಇರಲಿ ಕಣ್ಣು.

ನಿನ್ನ ಅಕ್ಕ,
ಶೈಲಾ

ತಾ.ಕ.: ನಲವತ್ತೊಂಬತ್ತನೆಯ ಕಾರ್ಡೊಂದಿತ್ತು, ನಾನು ಬರೆದದ್ದು. ಹೆಸರು, ವಿಳಾಸ ಎಲ್ಲ ಖರೇ. ಅದರಲ್ಲಿ ನೀತಿಗೀತಿ ಇರಲಿಲ್ಲ. ಕಳಿಸುವುದೇ ಆದರೆ ಬೇರೆ ಪಲ್ಟನ್ ಕಳಿಸಿ, ನನ್ನ ತಮ್ಮನದು ಬೇಡ ಎಂದಿತ್ತು. ಡಬ್ಬಿಯ ಬಾಯಿಯವರೆಗೆ ಹೋದ ಕೈ ಹಿಂದೆ ಬಂತು. ಆದರೂ ಇವತ್ತಿನ ಪೇಪರ್ ಓದುವತನಕ ಅದನ್ನು ಹರಿದಿರಲಿಲ್ಲ.