ಕೊಟ್ಟಿಗೆ ಬೀಗ ಒಡೆದಿದ್ದೀನಿ

ಮಾವ,

ಎತ್ತು ಹುಡುಕಬೇಡಿ, ನಾನೇ ಹೊಡ್ಕೊಂಡು ಹೋಗಿದ್ದೀನಿ. ಕೊಟ್ಟಿಗೆ ಬೀಗದಕೈ ನಿಮ್ಮ ಸೊಂಟದಲ್ಲೇ ಭದ್ರವಾಗಿರಲಿ, ಬೀಗ ಒಡೆದಿದ್ದೀನಿ.

ಗಂಡಸರು ಯುದ್ಧಕ್ಕೆ ಹೋದಾಗಿಂದ ನಾವು ಹೆಂಗಸರೇ ಸರದಿ ಮೇಲೆ ಎಲ್ಲರ ಹೊಲ ಉಳ್ತಿದ್ದೀವಿ. ಇವತ್ತು ದರ್ಜಿ ಹೆಂಡತಿ ಸರದಿ. ಅವಳ ಗಂಡ ಸೈನ್ಯ ಬಿಟ್ಟು ಓಡಿಹೋದ, ಹೇಡಿಯ ಹೊಲಕ್ಕೆ ನನ್ನ ಎತ್ತು ಇಳಿಯಲ್ಲ ಅಂತ ಅವಳ ಮುಖಕ್ಕೆ ಹೊಡೆದ ಹಾಗೆ ಅಂದ್ರಲ್ಲ, ನಾಲಿಗೆ ಹೇಗೆ ಹೊರಳ್ತು ನಿಮಗೆ?

ಊಟ ಮುಚ್ಚಿಟ್ಟಿದ್ದೀನಿ. ಸಿಟ್ಟಲ್ಲಿ ಉಪವಾಸ ಕೂತ್ಕೋಬೇಡಿ, ಮಾತ್ರೆ ತಗೋಬೇಕು.

ನಿಮ್ಮ ಮಗ ಇನ್ನಿಲ್ಲ ಅಂತ ಕಾಗದ ಬಂದ ದಿನ ನನ್ನನ್ನ ತಬ್ಬಿ ಕೂತಿದ್ದವಳು ಅವಳು. ನೀವು ಇದೇ ಕೊಟ್ಟಿಗೆಯಲ್ಲಿ ಒಳಗಿಂದ ಅಗಳಿ ಹಾಕ್ಕೊಂಡು ಮೂರು ದಿನ ಈಚೆಗೆ ಬರಲಿಲ್ಲ. ಬಾಗಿಲಿಗೆ ತಟ್ಟೆ ತಂದಿಟ್ಟವಳೂ ಅವಳೇ.

ಒಂದು ಸಲಾನಾದ್ರೂ ನಿಮ್ಮನ್ನ ಹೇಡಿ ಅಂದ್ಲಾ?